ಪಕ್ಕೀರಮ್ಮ ಸಾಯಬಾರದು

ಸಂಪಾದಕರು ನನ್ನ ಪಕ್ಕೀರಮ್ಮನನ್ನು ಮೊದಲು ಹಾವಿನಿಂದ ಕಚ್ಚಿಸಿ ಕೊಂದರು. ನಾನು ಜಗಳವಾಡಿ ಕಾಗದ ಬರೆದೆ. ಆಮೇಲೆ ಹೊಳೆಗೆ ಹಾರಿಸಿ ಕೊಂದರು. ಆಗ ಕಾಗದ ಬರೆಯುವುದು ಬಿಟ್ಟು ಬಳ್ಳಾರಿಗೆ ಗಾಡಿ ಕಟ್ಟಿಸಿದೆ.

ಪಕ್ಕೀರಮ್ಮ ನಾನು ಬರೆಯುತ್ತಿದ್ದ ಕಥೆಯ ನಾಯಕಿ. ದೇಶನೂರಿನ ಭತ್ತದ ಗದ್ದೆಗಳ ನಡುವೆ ಬೆಳೆದವಳು, ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು, ನಕ್ಕರೆ ಹೊಳೆಯಾಚೆಗೂ ಕೇಳಿಸುವವಳು. ಬಳ್ಳಾರಿಯ ‘ಚಂದ್ರಿಕೆ’ ಎಂಬ ಮಾಸಪತ್ರಿಕೆಯಲ್ಲಿ ಅವಳ ಕಥೆ ವರ್ಷವಿಡೀ ಬಂದಿತ್ತು. ಉಳಿದದ್ದು ಕೊನೆಯ ಕಂತು. ಅದರಲ್ಲಿ ಅವಳಿಗೆ ಉಡಿಕಿಯಾಗಬೇಕು. ಉಡಿಕಿ ಎಂದರೆ ನಮ್ಮ ಕಡೆ ಗಂಡ ಸತ್ತವಳಿಗೆ ಹೊಸ ಸೀರೆ ಉಡಿಸಿ, ಬಳೆ ತೊಡಿಸಿ, ಮತ್ತೆ ಮನೆ ತುಂಬಿಸಿಕೊಳ್ಳುವ ಪದ್ಧತಿ. ನಾನು ಬರೆದದ್ದು ಅಷ್ಟೇ. ಆದರೆ ಅಚ್ಚಾಗುವ ಮೊದಲು ನೋಡಲೆಂದು ಅಂಚೆಯಲ್ಲಿ ಬಂದ ಮೊದಲ ಹಾಳೆಯಲ್ಲಿ ಅವಳಿಗೆ ಹಾವು ಕಚ್ಚಿತ್ತು, ಎರಡನೆಯದರಲ್ಲಿ ಅವಳು ‘ಪ್ರವಾಹದಲ್ಲಿ ಲೀನಳಾದಳು’.

ಲೀನಳಾದಳಂತೆ! ಹೊಳೆದಂಡೆಯ ಹುಡುಗಿ, ಕೈಕಾಲು ಕಟ್ಟಿ ಎಸೆದರೂ ಈಜಿ ಬರುವವಳು.

ನನ್ನ ಹೆಸರು ಕೊಟ್ರಬಸಮ್ಮ. ಊರು ಸಿರುಗುಪ್ಪ. ಸಾಲಿ ಮಾಸ್ತರರಾಗಿದ್ದ ಅಪ್ಪ ಅಕ್ಷರ ಕಲಿಸಿದ್ದರು. ಗಂಡನ ಮುಖ ನನಗೆ ಸರಿಯಾಗಿ ನೆನಪೂ ಇಲ್ಲ, ಅಷ್ಟು ಬೇಗ ಹೋದ. ಅಂದಿನಿಂದ ಅಣ್ಣ ದೊಡ್ಡಬಸಪ್ಪನ ಮನೆಯಲ್ಲೇ ಇದ್ದೆ. ಹಗಲೆಲ್ಲ ಮನೆಗೆಲಸ, ಬಿಡುವಾದಾಗ ಪಕ್ಕೀರಮ್ಮ. ಅವಳಿಲ್ಲದಿದ್ದರೆ ನನಗೆ ಹುಚ್ಚು ಹಿಡಿಯುತ್ತಿತ್ತು.

ಜೊತೆಗೆ ಸೋದರತ್ತೆ ಪಾರಮ್ಮ ಬಂದಳು. ಗಾಡಿ ಹೊಡೆಯುವ ಮಾಬುಸಾಬ್ ಮೋಕ ಊರು ದಾಟುವವರೆಗೂ ಒಂದೇ ಮಾತು ಕೇಳುತ್ತಿದ್ದ, “ಪಕ್ಕೀರವ್ವ ಬದುಕ್ತಾಳೇನವ್ವಾ? ನಮ್ಮನಿಯಾಕಿ ಕೇಳಿಕೊಂಡು ಬಾ ಅಂದಾಳ.”

ಬಳ್ಳಾರಿಯ ಕೌಲ್ ಬಜಾರಿನ ಅಚ್ಚುಕೂಟದ ಬಾಗಿಲಲ್ಲಿ ನಿಂತಾಗ ಒಬ್ಬ ತರುಣ ಹಾಳೆಯ ಮೇಲೆ ಬಗ್ಗಿದ್ದ. ಲೇಖನಿ ಸಿಕ್ಕಿಸಿ ಸಿಕ್ಕಿಸಿ ಒಂದು ಕಿವಿಯೆಲ್ಲ ಕೆಂಪು ಮಸಿ.

“ಸಂಪಾದಕರು ಎಲ್ಲಿ ಅದಾರ್ರಿ?”

“ನಾನ ರೀ, ಮರಿಬಸಪ್ಪ. ತಾವು?”

ನಾನು ಯಾರೋ ನಶ್ಯ ಏರಿಸುವ ಮುದುಕನನ್ನು ಎಣಿಸಿಕೊಂಡಿದ್ದೆ. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಬೈಗುಳಗಳೆಲ್ಲ ಮುದುಕನಿಗೆ ಹೊಂದುವಂಥವು. ಈ ಮುಖಕ್ಕೆ ಒಂದೂ ಹೊಂದಲಿಲ್ಲ. ಅದಕ್ಕೇ ಸಿಟ್ಟು ಇನ್ನಷ್ಟು ಏರಿತು.

“ನಾನು ಸಿರುಗುಪ್ಪಿ ಕೊಟ್ರಬಸಮ್ಮ.”

ಅವರು ಎದ್ದ ರಭಸಕ್ಕೆ ಸ್ಟೂಲು ಉರುಳಿಬಿತ್ತು. “ಬರ್ರಿ, ಕುಂದರ್ರಿ.”

“ಪಕ್ಕೀರಮ್ಮ ಎದ್ದ ಮ್ಯಾಲ ಕುಂದರ್ತೀನಿ. ಆಕಿನ್ನ ಯಾಕ ಕೊಂದ್ರಿ?”

ಅಚ್ಚಿನ ಮೊಳೆ ಜೋಡಿಸುತ್ತಿದ್ದವರ ಕೈಗಳು ನಿಂತವು. ಮರಿಬಸಪ್ಪನವರು ತಗ್ಗಿದ ದನಿಯಲ್ಲಿ ಹೇಳಿದರು, “ನಮ್ಮ ಪತ್ರಿಕೆ ಓದೋರು ವಕೀಲರು, ಮಾಸ್ತರರು. ಉಡಿಕಿ ಅಂದ್ರ ಮೂಗು ಮುರೀತಾರ. ಸತ್ರ ಅಳ್ತಾರ. ಆಕಿ ಮರ್ಯಾದಿ ಉಳೀತೈತಿ.”

“ಸತ್ತಾಕಿ ಮರ್ಯಾದಿ ತಗೊಂಡು ಏನು ಮಾಡ್ತಾಳ್ರಿ? ಅದಿರಲಿ, ಆಕಿ ಎತ್ತಿಗೆ ಬೈದರ ‘ಎಲೈ ವೃಷಭನೇ’ ಅಂತ ತಿದ್ದೀರಿ. ಹಿಂಗ ಯಾರರ ಎತ್ತು ಹೊಡೀತಾರೇನು? ಅದನ್ನ ಓದಿ ಹೇಳಿದಾಗ ನಮ್ಮ ಮಾಬುಸಾಬ್ ಬಿದ್ದು ಬಿದ್ದು ನಕ್ಕ.”

ಅವರಿಗೂ ನಗು ಬಂತು. ತುಟಿ ಕಚ್ಚಿ ತಡೆದರು, ಆದರೆ ಕಣ್ಣು ತಡೆಯಲಿಲ್ಲ. ಆ ಕಣ್ಣು ನೇರ ನನ್ನ ಕಣ್ಣಿಗೇ ಬಂತು. ನಾನು ಅವಸರದಿಂದ ಮೊಳೆಯ ಪೆಟ್ಟಿಗೆಯ ಕಡೆ ನೋಡಿದೆ. ಜಗಳಕ್ಕೆ ಬಂದವಳಿಗೆ ಇದೆಲ್ಲ ಬೇಕಿರಲಿಲ್ಲ.

“ಇನ್ನೊಂದು ಮಾತೈತಿ,” ಎಂದರು ಮೆಲ್ಲಗೆ. “ಬರದಾಕಿ ನೀವು. ಜನ ಪಕ್ಕೀರಮ್ಮನ್ನ ಬಿಟ್ಟು ನಿಮ್ಮ ಮ್ಯಾಲ ಮಾತಾಡಿದ್ರ? ಅದು ನನ್ನ ಕೈಲಿ ಕೇಳಾಕಾಗಂಗಿಲ್ಲ.”

ಎದೆಯಲ್ಲಿ ಏನೋ ಝಲ್ಲೆಂದಿತು. ಅದನ್ನು ಅಲ್ಲೇ ಒತ್ತಿಟ್ಟು ಹೇಳಿದೆ, “ನನ್ನ ಕಾಳಜಿ ನನಗ ಬಿಡ್ರಿ. ನನ್ನ ಹೆಸರಿನ ಕೆಳಗ ನಿಮ್ಮ ಅಂಜಿಕಿ ಅಚ್ಚು ಹಾಕಬ್ಯಾಡ್ರಿ.”

ಅವರು ಉರುಳಿದ ಸ್ಟೂಲನ್ನು ಎತ್ತಿಟ್ಟರು. “ಕುರುಗೋಡಿನಾಗ ನಮ್ಮಜ್ಜಿ ಅದಾಳ. ಪ್ರತಿ ಕಂತೂ ನಾನ ಹೋಗಿ ಓದಿ ಹೇಳ್ತೀನಿ. ನಮ್ಮ ಮನಿತನದ ಮರ್ಯಾದಿ ಅಂದ್ರ ಆಕಿ. ಆಕಿಗೆ ಎರಡೂ ಓದೂಣು. ಆಕಿ ಒಪ್ಪಿದ್ದು ಅಚ್ಚು. ನಿಮ್ಮದನ್ನ ಒಪ್ಪಲಿಲ್ಲ ಅಂದ್ರ?”

“ಇನ್ನ ಮ್ಯಾಲ ನಾನು ಬರಿಯಂಗೇ ಇಲ್ಲ.”

ಪಾರಮ್ಮತ್ತೆ ನನ್ನ ತೋಳು ಚಿವುಟಿದಳು. ಮಾತು ಬಾಯಿಂದ ಹಾರಿಹೋಗಿತ್ತು.

ಮರುದಿನ ಕುರುಗೋಡಿನ ದಾರಿ ಹಿಡಿದೆವು. ನಮ್ಮ ಗಾಡಿಯ ಪಕ್ಕಕ್ಕೆ ಅವರ ತಟ್ಟು ಕುದುರೆ. ಅದನ್ನು ಮುಂದೆ ಬಿಡಬಹುದಿತ್ತು, ಹಿಂದೆ ಬಿಡಬಹುದಿತ್ತು. ಅವರು ಎರಡೂ ಮಾಡಲಿಲ್ಲ. ಗಾಡಿಯ ಕಮಾನಿನ ಸಂದಿಯಿಂದ ನಾನು ಹೊರಗೆ ನೋಡಿದಾಗಲೆಲ್ಲ ಅವರು ಕೂಡಲೇ ಗುಡ್ಡ ನೋಡುತ್ತಿದ್ದರು. ಗುಡ್ಡದಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

“ನಿಮ್ಮ ಕಂತು ಬಂದ ದಿನ ನನಗ ಊಟ ಆಮ್ಯಾಲ, ಓದೋದು ಮೊದಲು,” ಎಂದರು ಗುಡ್ಡಕ್ಕೇ ಹೇಳುವವರಂತೆ.

“ಓದಿ, ಉಂಡು, ಆಮ್ಯಾಲ ಕೊಲ್ಲೋದು.”

ಮಾಬುಸಾಬ್ ಗೊಳ್ಳೆಂದು ನಕ್ಕ. ಮರಿಬಸಪ್ಪನವರ ಇನ್ನೊಂದು ಕಿವಿಯೂ ಕೆಂಪಾಯಿತು. ನನಗೆ ನಗು ಬಂತು, ಮರುಗಳಿಗೆಯೇ ಹೆದರಿಕೆಯಾಯಿತು. ಸೋತರೆ ಬರೆಯುವುದು ನಿಲ್ಲುತ್ತದೆ. ಪ್ರತಿ ಕಂತಿಗೂ ಬರುತ್ತಿದ್ದ ಇವರ ಕಾಗದಗಳೂ ನಿಲ್ಲುತ್ತವೆ. ಎರಡನೆಯದೂ ನನಗೆ ಬೇಡವಾಗಿತ್ತು, ಸುಳ್ಳೇಕೆ ಹೇಳಲಿ.

ಅಜ್ಜಿ ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಮರಿಬಸಪ್ಪನವರು ಮೊದಲು ತಮ್ಮದನ್ನು ಓದಿದರು. ಪ್ರವಾಹ ಬಂತು, ಪಕ್ಕೀರಮ್ಮ ಲೀನಳಾದಳು. ಅಜ್ಜಿಯ ಕೈ ನಿಂತಿತು. ಅವಳು ಅಳಲಿಲ್ಲ. ಆಮೇಲೆ ನನ್ನದನ್ನು ಓದಿದರು. ಹೊಸ ಸೀರೆಯ ನಿರಿಗೆ ಹಿಡಿಯುವಾಗ ಪಕ್ಕೀರಮ್ಮನ ಬೆರಳು ನಡುಗಿದ ಸಾಲು ಬಂದಾಗ ಅಜ್ಜಿಯ ಕಣ್ಣಿಂದ ಹನಿ ಹನಿಯಾಗಿ ನೀರು ಇಳಿಯಿತು.

“ಹೊಳಿಗೆ ಹಾರಿಸಿದಾವ ಯಾರು?”

“ನಾನು, ಅಜ್ಜಿ.”

“ನನ್ನ ಮೊದಲನೇ ಗಂಡ ವಾಂತಿಭೇದ್ಯಾಗ ಹೋದಾಗ ನಾನು ಇನ್ನೂ ಹರೇದಾಕಿ. ಆಮ್ಯಾಲ ನಿಮ್ಮ ತಾತ ನನಗ ಸೀರಿ ಉಡಿಸಿದ. ಉಡಿಕಿ ಆದಾಕಿ ಲೇ ನಾನು! ಅವತ್ತ ನಾನೂ ಹೊಳಿಗೆ ಹಾರಿದ್ರ ನಿಮ್ಮಪ್ಪ ಯಾರ ಹೊಟ್ಟ್ಯಾಗ ಹುಟ್ಟತಿದ್ದ? ನೀ ಎಲ್ಲಿ ಕುಂತು ಮಸಿ ಸುರೀತಿದ್ದಿ?”

ಮರಿಬಸಪ್ಪನವರ ಮುಖ ಬಿಳಚಿತು. “ಒಂದು ದಿನಾನೂ ಹೇಳಲಿಲ್ಲಲ್ಲ?”

“ನಿಮ್ಮಪ್ಪ ದೊಡ್ಡ ಮನಶ್ಯಾ ಆದ, ಬಾಯಿ ಮುಚ್ಚಿಸಿದ. ನೀ ಮದರಾಸಿಗೆ ಹೋಗಿ ಓದಿ ಬಂದಿ, ಯಾವತ್ತೂ ಕೇಳಲಿಲ್ಲ. ಈಕಿ ಕೇಳದಾನ ಬರದಾಳ.” ಅಜ್ಜಿ ನನ್ನ ಗಲ್ಲ ಹಿಡಿದಳು. “ನನ್ನ ಬೆರಳೂ ಹಿಂಗ ನಡುಗಿದ್ದವು, ಮಗಳ.”

ಆ ಮಾತಿಗೆ ನಾನು ಗಳಗಳನೆ ಅತ್ತುಬಿಟ್ಟೆ. ಗೆದ್ದವರೂ ಅಳುತ್ತಾರೆ.

ಹೊರಡುವಾಗ ಮರಿಬಸಪ್ಪನವರು ಗಾಡಿಯ ಹತ್ತಿರ ಬಂದು ನಿಂತರು. “ನಾ ಸೋತೆ.”

“ಇನ್ನೊಂದು ಸಲ ಹೇಳ್ರಿ. ಪಾರಮ್ಮತ್ತಿಗೆ ಕಿವಿ ಮಂದ.”

“ಸೋತೆ ರೀ ಪಾರಮ್ಮನವರ!” ಎಂದು ಕೂಗಿದರು. ಸೋತವರ ಮುಖದಲ್ಲಿ ಅಷ್ಟು ಬೆಳಕನ್ನು ನಾನು ಕಂಡಿರಲಿಲ್ಲ.

ಕೊನೆಯ ಕಂತು ನಾನು ಬರೆದಂತೆಯೇ ಅಚ್ಚಾಯಿತು. ಬಳ್ಳಾರಿಯಲ್ಲಿ ಕೆಲವು ವಕೀಲರು ಸಿಡಿಮಿಡಿಗೊಂಡು ಪತ್ರಿಕೆ ಬಿಟ್ಟರು. ಕರೂರು, ದೇಶನೂರಿನ ಕಡೆ ಮಾತ್ರ ಒಂದೊಂದು ಪ್ರತಿ ಮನೆಯಿಂದ ಮನೆಗೆ ಹೋಗಿ ಅಂಚು ಹರಿಯಿತು. ನಮ್ಮ ಬೀದಿಯಲ್ಲಿ ಓದಿ ಹೇಳಿದಾಗ ಹೆಂಗಸರು ನಿಜವಾದ ಮದುವೆಯೆಂಬಂತೆ ಸೋಬಾನೆ ಹಾಡಿದರು. ಪಕ್ಕೀರಮ್ಮನಿಗೆ ಉಡಿ ತುಂಬಬೇಕು, ಅವಳ ಮನೆ ಎಲ್ಲಿ ಎಂದು ಒಬ್ಬಾಕೆ ನನ್ನನ್ನೇ ಕೇಳಿದಳು.

ಭತ್ತದ ಸುಗ್ಗಿ ಮುಗಿದ ಮೇಲೆ ಮರಿಬಸಪ್ಪನವರು ಸಿರುಗುಪ್ಪಕ್ಕೆ ಬಂದರು. ಮುಂದಿನ ಕಥೆಯ ಮಾತಿಗೆ ಎಂದರು. ಕಥೆಯ ಮಾತಿಗೆ ಅಜ್ಜಿಯನ್ನೇಕೆ ಕರೆತಂದರೆಂದು ಪಾರಮ್ಮತ್ತೆಗೂ ಹೊಳೆಯಿತು. ಅಣ್ಣನೆದುರು ಕೂತು ಅವರು ಗಂಟಲು ಸರಿಮಾಡಿಕೊಂಡು ಆರಂಭಿಸಿದರು, “ತಮ್ಮ ಸಹೋದರಿಯವರ ಪ್ರತಿಭಾಸೌರಭದಿಂದ ಆಕೃಷ್ಟನಾದ ನಾನು...”

“ನಮ್ಮ ಮಾತಿನಾಗ ಹೇಳ್ರಿ,” ಎಂದೆ ಬಾಗಿಲ ಮರೆಯಿಂದ.

ಅವರು ಅಣ್ಣನನ್ನು ಬಿಟ್ಟು ನನ್ನ ಕಡೆ ತಿರುಗಿದರು. ಈ ಸಲ ನೋಡಲು ಗುಡ್ಡ ಇರಲಿಲ್ಲ. “ನೀವಂದ್ರ ನನಗ ಜೀವ. ನನ್ನ ಮನಿಗೆ ಬರ್ತೀರೇನು?”

“ಬರ್ತೀನಿ. ಆದ್ರ ನಾ ಬರದದ್ದಕ್ಕ ಕೈ ಹಚ್ಚಂಗಿಲ್ಲ.”

“ಕಾಗುಣಿತ?”

“ಅದೂ ನನ್ನ ಕೇಳಿ.”

ಅಣ್ಣ ನಮ್ಮಿಬ್ಬರನ್ನೂ ನೋಡಿದ, ನಿಟ್ಟುಸಿರು ಬಿಟ್ಟ, ಆಮೇಲೆ ಮೆಲ್ಲಗೆ ನಕ್ಕ. “ಆತು. ಪದ್ಧತಿ ಇದ್ದಂಗ, ಕತ್ತಲಾದ ಮ್ಯಾಲ, ಬಾಗಿಲ ಹಾಕ್ಕೊಂಡು, ಮನಿಯವರಷ್ಟ ಇದ್ದು ಮುಗಿಸಿಬಿಡೂಣು.”

ಉಡಿಕಿ ಎಲ್ಲ ಕಡೆ ಹಾಗೇ ಆಗುತ್ತಿತ್ತು. ನಾನು ಬಾಗಿಲ ಮರೆಯಿಂದ ಈಚೆ ಬಂದೆ. “ಇಲ್ಲಣ್ಣ. ಹಗಲ ಆಗಬೇಕು.”

ಅಣ್ಣ ಏನೋ ಹೇಳಲು ಹೋದ. ಅಜ್ಜಿ ಬಿಡಲಿಲ್ಲ. “ನಂದು ಕತ್ತಲಾಗ ಆತಪ್ಪ. ಅದಕ್ಕ ನನ್ನ ಮೊಮ್ಮಗನಿಗೂ ಗೊತ್ತಾಗಲಿಲ್ಲ. ಈಕಿದು ಊರಿಗೆಲ್ಲ ಗೊತ್ತಾಗಲಿ.”

ಊರಿಗೆಲ್ಲ ಗೊತ್ತಾಯಿತು. ಹಲಗೆ ಬಾರಿಸಿಕೊಂಡು ಮಾಬುಸಾಬ್ ಬೀದಿ ಬೀದಿ ಕರೆದು ಬಂದಿದ್ದ. ನಡುಮಧ್ಯಾಹ್ನ, ಬಾಗಿಲು ಕಿಟಕಿಯೆಲ್ಲ ತೆರೆದು, ಹಸಿರು ಸೀರೆ ಉಟ್ಟೆ. ಅಜ್ಜಿ ತಾನೇ ನನ್ನ ನಿರಿಗೆ ಹಿಡಿದಳು, ತಾನೇ ಸೆರಗು ಹೊದಿಸಿದಳು. ಆಮೇಲೆ ನನ್ನ ಕೈಯನ್ನು ಮರಿಬಸಪ್ಪನವರ ಕೈಗೆ ಕೊಟ್ಟು ಹೇಳಿದಳು, “ಹೊರಗ ನಡೀರಿ, ಎಲ್ಲಾರೂ ನೋಡ್ಲಿ.”

ನಾವಿಬ್ಬರೂ ಬಿಸಿಲಿಗೆ ಬಂದೆವು.