ಬೆನ್ನಿನ ನೀರಿನ ವರದಿ

ಮಾರ್ಚ್ 11, ಸೋಮವಾರ ಬೆಳಗ್ಗೆ 10.20ಕ್ಕೆ ಊರಿನ ಟೈಲರ್ ಪೊಲೀಸ್ ಠಾಣೆಗೆ ಬಂದ. ಎರಡು ಹೆಜ್ಜೆ ಹಿಂದೆ ಅವನ ಹೆಂಡತಿ. ಇಬ್ಬರೂ ಒಂದೇ ಬೆಂಚಿನ ಎರಡು ತುದಿಗಳಲ್ಲಿ ಕೂತರು. ಆಸ್ಪತ್ರೆಯ ಚೀಟಿಗಳಿದ್ದ ಪ್ಲಾಸ್ಟಿಕ್ ಚೀಲ ಅವಳ ಮಡಿಲಲ್ಲಿತ್ತು.

ದೂರು ಇಷ್ಟು. ಆರು ವರ್ಷದ ಮಗಳು, ಮನೆಯಲ್ಲಿ ಎಲ್ಲರೂ ಗುಬ್ಬಿ ಎನ್ನುತ್ತಿದ್ದವಳು, ಜ್ವರ, ವಾಂತಿ, ತಲೆನೋವಿನಿಂದ ನರಳಿ ಮಾರ್ಚ್ 1ರಂದು ಊರಿನ ಸಣ್ಣ ಆಸ್ಪತ್ರೆಗೆ ಸೇರಿದಳು. ಕುತ್ತಿಗೆ ಬಗ್ಗಿಸಲಾಗುತ್ತಿರಲಿಲ್ಲ. ಡಾಕ್ಟರು ಬೆನ್ನಿನಿಂದ ನೀರು ತೆಗೆದು ಪರೀಕ್ಷೆ ಮಾಡಿಸಿ, ಮಿದುಳು ಜ್ವರವಲ್ಲ ಎಂದರು. ಮರುದಿನ ಸಂಜೆ ಫಿಟ್ಸ್ ಬಂತು. ನಾಲ್ಕು ಗಂಟೆ ದೂರದ ದೊಡ್ಡ ಆಸ್ಪತ್ರೆಯಲ್ಲಿ ಮತ್ತೆ ನೀರು ತೆಗೆದರು. ಅದು ಹಾಲು ಬೆರೆಸಿದ ನೀರಿನಂತಿತ್ತು. 3ರ ಬೆಳಗ್ಗೆ ಮಗು ತೀರಿಕೊಂಡಿತು. ಸಣ್ಣ ಆಸ್ಪತ್ರೆಯ ಡಾಕ್ಟರನ್ನು ಕೇಳಿದರೆ ತಡವಾಗಿ ತಂದಿರಿ ಎಂದುಬಿಟ್ಟರು.

“ಒಂದು ದಿನ ಇವಳು ಮಗೂ ಹಣೆಗೆ ಒದ್ದೆ ಬಟ್ಟೆ ಹಾಕ್ತಾ ಮನೇಲೇ ಕೂತಿದ್ಲು ಸಾರ್,” ಎಂದ ಟೈಲರ್, ಹೆಂಡತಿಯ ಕಡೆ ನೋಡದೆ. “ನಮ್ಮಮ್ಮನೂ ಅದೇ ಅಂತಾಳೆ. ತಪ್ಪು ಡಾಕ್ಟರ್‌ದೋ, ಇವಳದೋ, ನಂಗೆ ಗೊತ್ತಾಗ್ಬೇಕು.”

ಹೆಂಡತಿ ಚೀಲದ ಗಂಟು ಬಿಚ್ಚಿ ಮತ್ತೆ ಕಟ್ಟಿದಳು. ಇನ್‌ಸ್ಪೆಕ್ಟರ್ 11.05ಕ್ಕೆ FIR ದಾಖಲಿಸಿಕೊಂಡರು.

ಸಣ್ಣ ಆಸ್ಪತ್ರೆಯಲ್ಲಿ ಇಪ್ಪತ್ತು ಹಾಸಿಗೆ, ಒಬ್ಬ ಡಾಕ್ಟರು, ಇಬ್ಬರು ನರ್ಸು. ಕಾರಿಡಾರಿನ ಕೊನೆಯಲ್ಲಿ ಲ್ಯಾಬು ಎಂದು ಕರೆಯುವ ಒಂದೇ ಕಿಟಕಿಯ ಕೋಣೆ. ಡಾಕ್ಟರು ಮೂರು ರಾತ್ರಿ ನಿದ್ದೆಗೆಟ್ಟವರಂತಿದ್ದರು.

“ನೀರು ತೆಗೆದಾಗ ನೀವೇ ನೋಡ್ಲಿಲ್ವಾ?” ಇನ್‌ಸ್ಪೆಕ್ಟರ್ ಕೇಳಿದರು.

“ಕಿಟಕಿ ಇಲ್ಲದ ಕೋಣೆ, ಕರೆಂಟ್ ಇರ್ಲಿಲ್ಲ. ಟಾರ್ಚ್ ಹಿಡ್ಕೊಂಡು ತೆಗ್ದಿದ್ದು. ನೀರು ಹಿಡಿಯೋ ಹೊಸ ಗಾಜಿನ ಟ್ಯೂಬ್ ಖಾಲಿಯಾಗಿ ತಿಂಗಳಾಗಿತ್ತು, ಇಂಜೆಕ್ಷನ್‌ನ ಹಳೇ ಸೀಸೆ ಕುದಿಸಿ ಇಟ್ಕೊಂಡಿದ್ವಿ. ಕಂದು ಬಣ್ಣದ ಸೀಸೆ. ಒಳಗಿರೋದು ಕಾಣಲ್ಲ.”

“ವರದಿ?”

“ತಿಳಿಯಾಗಿದೆ, ಬಿಳಿ ರಕ್ತಕಣಗಳು ಮೂರು ಅಂತ ಬಂತು. ಅಷ್ಟು ಕಡಿಮೆ ಇದ್ರೆ ಮಿದುಳು ಜ್ವರ ಅಲ್ಲ. ಆ ಜ್ವರಕ್ಕೆ ಕೊಡೋ ಇಂಜೆಕ್ಷನ್ ಎಂಟೇ ಉಳಿದಿತ್ತು, ಅದು ಎರಡು ಹಸುಗೂಸಿಗೆ ನಡೀತಿತ್ತು.” ಮತ್ತೆ ಅವರೇ ಹೇಳಿದರು: “ವರದಿ ಏನೇ ಇರ್ಲಿ, ಕುತ್ತಿಗೆ ನೋಡಿ ಕೊಡ್ಬೇಕಿತ್ತು.”

ವರದಿ ಬರೆದವನು ಇಪ್ಪತ್ತಾರು ವರ್ಷದಿಂದ ಆ ಕೋಣೆಯಲ್ಲಿದ್ದ ಟೆಕ್ನಿಷಿಯನ್. ಆಸ್ಪತ್ರೆಗೆಲ್ಲ ಅವನು ಲ್ಯಾಬಣ್ಣ. ಕೇಳಿದ್ದಕ್ಕೆ ತಡವರಿಸದೆ ಉತ್ತರ ಕೊಟ್ಟ: ನೀರನ್ನು ಲ್ಯಾಬಿನ ಹಳೇ ಗಾಜಿನ ಟ್ಯೂಬಿಗೆ ಸುರಿದೆ, ಅಕ್ಷರದ ಮುಂದೆ ಹಿಡಿದು ನೋಡಿದೆ, ಕಣ ಎಣಿಸಿದೆ, ಬರೆದೆ. ಹಾಗೆನ್ನುತ್ತ ಕಿಟಕಿಯ ಪಕ್ಕದ ಗೋಡೆ ತೋರಿಸಿದ. ಕೈ ತೊಳೆಯುವ ಕ್ರಮ ಹೇಳುವ ಸಣ್ಣಕ್ಷರದ ಹಾಳೆಯೊಂದು ಅಲ್ಲಿ ಹಳದಿಯಾಗಿತ್ತು. ಟ್ಯೂಬನ್ನು ಅದರ ಮುಂದೆ ಹಿಡಿಯಬೇಕು. ಹಿಂದಿನ ಅಕ್ಷರ ಓದಲು ಬಂದರೆ ನೀರು ತಿಳಿ. ಯಂತ್ರವಿಲ್ಲದ ಕಡೆ ಎಲ್ಲರೂ ಮಾಡುವುದೇ ಹೀಗೆ ಎಂದ.

ಪಂಚನಾಮೆ ಮಾಡಿ ರಿಜಿಸ್ಟರನ್ನೂ ಗಾಜಿನ ಸ್ಲೈಡುಗಳ ಡಬ್ಬಿಯನ್ನೂ ವಶಕ್ಕೆ ಪಡೆದರು. ಮಾರ್ಚ್ 1ರ ನೀರಿನಿಂದ ಮಾಡಿದ ಸ್ಲೈಡು, ಬಣ್ಣ ಹಾಕಿ ಒಣಗಿಸಿ, ಸಂಖ್ಯೆ ಅಂಟಿಸಿ, ಸಾಲಿನಲ್ಲಿ ತನ್ನ ಜಾಗದಲ್ಲೇ ಇತ್ತು. ಅದನ್ನು ದೊಡ್ಡ ಆಸ್ಪತ್ರೆಗೆ ಕಳಿಸಿದರು.

ಮರುದಿನ ಠಾಣೆಯಲ್ಲಿ ಇನ್‌ಸ್ಪೆಕ್ಟರ್ ರಿಜಿಸ್ಟರನ್ನು ಎದೆಯಿಂದ ದೂರ ದೂರ ಸರಿಸುತ್ತ ಓದುತ್ತಿದ್ದರು.

“ಸರ್, ಇನ್ನು ಕೈ ಉದ್ದ ಸಾಲಲ್ಲ,” ಎಂದಳು ಮಹಿಳಾ ಕಾನ್‌ಸ್ಟೇಬಲ್. “ನಾನೇ ಆಚೆ ಗೋಡೆ ಹತ್ರ ಹಿಡ್ಕೊಂಡು ನಿಲ್ಲಲಾ?”

“ನಿನ್ನ ಬಾಯಿಗೆ ಕನ್ನಡಕ ಹಾಕಿಸ್ತೀನಿ ಇರು,” ಎಂದು ಅವರು ಪುಸ್ತಕವನ್ನೇ ಅವಳ ಕೈಗೆ ಕೊಟ್ಟರು.

ಅವಳು ಪುಟ ತಿರುಗಿಸುತ್ತ ಹೋದಳು. ಆಮೇಲೆ ಒಂದು ವರ್ಷದ ಹಿಂದಿನ ಪುಟವನ್ನೂ ಈ ತಿಂಗಳದ್ದನ್ನೂ ಅವರ ಮುಂದೆ ತೆರೆದಿಟ್ಟಳು. ಹಿಂದಿನದರಲ್ಲಿ ಸಾಸಿವೆಯಷ್ಟು ಚಿಕ್ಕ, ದುಂಡಗಿನ ಅಕ್ಷರ. ಈ ತಿಂಗಳದ್ದು ಗೆರೆ ಮೀರಿ, ಒಂದು ಹೆಸರಿಗೆ ಎರಡು ಸಾಲು ತಿಂದಿತ್ತು. ನಡುವಿನ ಪುಟಗಳಲ್ಲಿ ಅಕ್ಷರಗಳು ತಿಂಗಳಿಂದ ತಿಂಗಳಿಗೆ ಊದುತ್ತ ಬಂದಿದ್ದವು. ಬೆನ್ನಿನ ನೀರಿನ ಕಣಗಳ ಲೆಕ್ಕ ಮಾತ್ರ ನಾಲ್ಕು ತಿಂಗಳಿಂದ ಎರಡು, ಮೂರು, ನಾಲ್ಕು, ಅದಕ್ಕಿಂತ ಮೇಲೇರಿರಲಿಲ್ಲ. ಗುಬ್ಬಿಯ ನೀರು ಲ್ಯಾಬಿಗೆ ಬಂದದ್ದು ಬೆಳಗ್ಗೆ 11.40ಕ್ಕೆ, ವರದಿ ಹೊರಬಿದ್ದದ್ದು 11.50ಕ್ಕೆ. ಎಣಿಕೆಗೇ ಅರ್ಧ ಗಂಟೆ ಬೇಕೆಂದು ಡಾಕ್ಟರು ಫೋನಿನಲ್ಲಿ ತಿಳಿಸಿದರು.

ಮಾರ್ಚ್ 14ರಂದು ಸ್ಲೈಡಿನ ವರದಿ ಬಂತು. ತುಂಬ ಕೀವು ಕಣಗಳು, ನಡುವೆ ಜೋಡಿ ಜೋಡಿಯಾಗಿ ಬ್ಯಾಕ್ಟೀರಿಯ. ಮೊದಲ ದಿನವೇ ಇದ್ದ ರೋಗ. ಕೊನೆಯಲ್ಲಿ ಅಲ್ಲಿನ ಪರೀಕ್ಷಕಿ ಕೈಬರಹದಲ್ಲಿ ಒಂದು ಮಾತು ಸೇರಿಸಿದ್ದರು: ಇಷ್ಟು ಚೊಕ್ಕವಾಗಿ ಬಣ್ಣ ಹಾಕಿದ ಸ್ಲೈಡು ಇತ್ತೀಚೆಗೆ ನೋಡಿಲ್ಲ.

ಹಾಗಾದರೆ ಕಂಡೂ ಸುಳ್ಳು ಬರೆದನೇ, ಕಾಣಲೇ ಇಲ್ಲವೇ? ಕೇಸಿನಲ್ಲಿ ಉಳಿದದ್ದು ಅದೊಂದೇ.

ಮಾರ್ಚ್ 15, ಮಧ್ಯಾಹ್ನ 2.30. ಲ್ಯಾಬಿನಲ್ಲಿ ಡಾಕ್ಟರು, ಪಂಚರಾಗಿ ಹಿರಿಯ ನರ್ಸು ಮತ್ತು ಔಷಧಿ ವಿತರಕ. ಕಾನ್‌ಸ್ಟೇಬಲ್ ಹೊರಗೆ ಅದೇ ಗಾಜಿನ ಟ್ಯೂಬಿಗೆ ನೀರು ತುಂಬಿ, ಹಾಲು ಬೆರೆಸಿ ತಂದಳು. ಹಿಂದೆ ಬೆರಳಿಟ್ಟರೆ ಬೆರಳು ಕಾಣದಷ್ಟು ಬೆಳ್ಳಗಿತ್ತು. ಇನ್‌ಸ್ಪೆಕ್ಟರ್ ಅದನ್ನು ಲ್ಯಾಬಣ್ಣನ ಕೈಗಿತ್ತರು.

“ಆವತ್ತು ಮಾಡಿದ ಹಾಗೇ ಮಾಡಿ ತೋರ್ಸಿ.”

ಅವನು ಕಿಟಕಿಗೆ ಓರೆಯಾಗಿ ನಿಂತು ಟ್ಯೂಬನ್ನು ಹಾಳೆಯ ಮುಂದೆ ಹಿಡಿದ. ನಿಲುವು, ಕೈಯ ಎತ್ತರ, ಎಲ್ಲವೂ ಸರಿಯಾಗಿತ್ತು.

“ಸೋಪನ್ನು ಎರಡೂ ಅಂಗೈಗೆ ಹಚ್ಚಿರಿ,” ಎಂದು ಓದಿದ. “ಬೆರಳ ಸಂದುಗಳನ್ನು ಉಜ್ಜಿರಿ. ಉಗುರಿನ ಅಡಿಯನ್ನು ಮರೆಯದಿರಿ.” ಒಂದಕ್ಷರವೂ ತಪ್ಪಲಿಲ್ಲ. ಟ್ಯೂಬ್ ಇಳಿಸಿ ಹೇಳಿದ: “ತಿಳಿಯಾಗಿದೆ ಸರ್.”

ನರ್ಸು ಬಾಯಿಗೆ ಕೈ ಅಡ್ಡ ಹಿಡಿದಳು. ಆ ಮೌನದಲ್ಲೇ ಅವನಿಗೆ ತಿಳಿದುಹೋಯಿತು. ಟ್ಯೂಬನ್ನು ಮೂಗಿನ ತನಕ ತಂದ; ಹಾಲಿನ ವಾಸನೆ ಬಂದಿರಬೇಕು. ಸ್ಟ್ಯಾಂಡಿನ ತೂತನ್ನು ಬೆರಳಿಂದ ತಡಕಿ ಅದರೊಳಗೆ ಇಳಿಸಿದ.

“ಇಪ್ಪತ್ತಾರು ವರ್ಷ ಅದೇ ಹಾಳೆ,” ಎಂದ. “ನಾನು ಓದ್ತಿದೀನಿ ಅಂತಾನೇ ಅಂದ್ಕೊಂಡಿದ್ದೆ.”

“ಎಣಿಕೆ?”

“ಅದು ಎಣಿಸಿದ್ದಲ್ಲ ಸರ್. ಅಂದಾಜಿಗೆ ಬರೆದಿದ್ದು. ಅದು ನಂಗೆ ಗೊತ್ತಿತ್ತು.”

3.10ಕ್ಕೆ ಸುಳ್ಳು ದಾಖಲೆ ಸೃಷ್ಟಿ ಮತ್ತು ನಿರ್ಲಕ್ಷ್ಯದಿಂದ ಸಾವು ಎಂಬ ಆರೋಪಗಳ ಮೇಲೆ ಅವನನ್ನು ಬಂಧಿಸಿದರು. ಮೆಟ್ಟಿಲಿಳಿಯುವಾಗ ಕಾನ್‌ಸ್ಟೇಬಲ್ ಅವನ ತೋಳು ಹಿಡಿದಿದ್ದಳು. ಓಡಿಹೋಗದಂತೆ ಅಲ್ಲ.

ಠಾಣೆಯಲ್ಲಿ ಹೇಳಿಕೆ ಬರೆದುಕೊಂಡರು. ಏಳು ವರ್ಷದ ಹಿಂದೆ ಅವನು ಕಾಲು ಮುರಿದುಕೊಂಡು ಮೂರು ತಿಂಗಳು ಮಲಗಿದ್ದ. ಬದಲಿ ಯಾರೂ ಬರಲಿಲ್ಲ, ಕೋಣೆಗೆ ಬೀಗ ಬಿತ್ತು. ಆಗ ಎರಡು ಮಕ್ಕಳು ಇದೇ ಜ್ವರದಲ್ಲಿ, ಇದೇ ಜ್ವರವೆಂದು ಯಾರಿಗೂ ತಿಳಿಯದೆ ಹೋದವು. ಬೀಗಕ್ಕಿಂತ ಅರ್ಧ ಕಣ್ಣು ಮೇಲು ಎಂದುಕೊಂಡಿದ್ದೆ ಎಂದ. ಅರ್ಧ ಯಾವಾಗ ಪೂರ್ತಿ ಹೋಯಿತೋ ಲೆಕ್ಕ ಇಡಲಿಲ್ಲವಂತೆ.

ನಾಲ್ಕು ಗಂಟೆಗೆ ಟೈಲರ್ ದಂಪತಿಯನ್ನು ಕರೆಸಿ ವಿಷಯ ತಿಳಿಸಿದರು. ಹೆಂಡತಿ ಆ ಠಾಣೆಯಲ್ಲಿ ಮೊದಲ ಸಲ ಬಾಯಿ ತೆರೆದಳು. ಕೇಳಿದ್ದು ಇನ್‌ಸ್ಪೆಕ್ಟರನ್ನು.

“ನಾನು ತಡ ಮಾಡಿದ್ನಾ?”

ಇನ್‌ಸ್ಪೆಕ್ಟರ್ ಉತ್ತರಿಸುವ ಮೊದಲೇ ಗೋಡೆಯ ಬದಿಯ ಸ್ಟೂಲಿನಿಂದ ಲ್ಯಾಬಣ್ಣ ದನಿ ಬಂದ ಕಡೆ ಮುಖ ತಿರುಗಿಸಿದ.

“ಇಲ್ಲಮ್ಮ. ನೀವು ತಂದಾಗ ಹೊತ್ತಿತ್ತು. ಆ ಹೊತ್ತು ನನ್ನ ಕೈಯಲ್ಲಿ ಹೋಯ್ತು.”

ಅವಳು ಅಳಲಿಲ್ಲ. ಚೀಲದ ಗಂಟಿನ ಮೇಲಿದ್ದ ಬೆರಳುಗಳು ಸಡಿಲವಾದವು. ಟೈಲರ್ ಬೆಂಚಿನ ಆ ತುದಿಯಿಂದ ಎದ್ದು ಬಂದು ಅವಳ ಪಕ್ಕದಲ್ಲಿ ಕೂತ. ಚೀಲವನ್ನು ತನ್ನ ಮಡಿಲಿಗೆ ತೆಗೆದುಕೊಂಡ.

ಲ್ಯಾಬಿನ ಮೇಜಿನ ಡ್ರಾಯರಿನಲ್ಲಿ ಮೂರು ಅರ್ಜಿ ಸಿಕ್ಕಿದ್ದವು. ಎರಡು, ಸಹಾಯಕನನ್ನು ಕೊಡಿ ಎಂದು ಮೇಲಿನ ಕಚೇರಿಗೆ ಕಳಿಸಿದ್ದರ ನಕಲು. ಅವಕ್ಕೆ ಉತ್ತರ ಬಂದಿರಲಿಲ್ಲ. ಮೂರನೆಯದು ಲಕೋಟೆಯಲ್ಲಿತ್ತು. ಅಂಚೆಚೀಟಿ ಅಂಟಿಸಿತ್ತು, ಮುದ್ರೆ ಬಿದ್ದಿರಲಿಲ್ಲ. ಒಳಗಿನ ಹಾಳೆಯ ತುಂಬ ಒಂದೊಂದು ಅಕ್ಷರವೂ ಹೆಬ್ಬೆರಳಿನಷ್ಟು ದೊಡ್ಡದು: ‘ನನಗೆ ಕಾಣುತ್ತಿಲ್ಲ. ಬೇರೆಯವರನ್ನು ಕಳಿಸಿ.’ ತಾರೀಖು ಫೆಬ್ರವರಿ 12. ಗುಬ್ಬಿ ಆಸ್ಪತ್ರೆಗೆ ಬರಲು ಇನ್ನೂ ಹದಿನೆಂಟು ದಿನವಿತ್ತು.