ಐದು ಸೆಕೆಂಡಿನ ಸಂಧಾನ

ಅನುಮಾನ ಪಡುವುದೇ ನನ್ನ ಕೆಲಸ. ಬೇರೆಯವರು ಕಷ್ಟಪಟ್ಟು ಮಾಡಿದ ಗೇಮನ್ನು ಆಡಿ, ಎಲ್ಲಿ ತಪ್ಪಿದೆ ಎಂದು ಹುಡುಕಿ ಬರೆಯುವ ಟೆಸ್ಟರ್ ನಾನು. "ಆ ಅನುಮಾನಾನ ಆಫೀಸಲ್ಲೇ ಬಿಟ್ಟು ಬಾ ತಾಯಿ," ಅನ್ನುತ್ತಾಳೆ ನನ್ನಕ್ಕ. "ಚೆನ್ನಾಗಿ ಕಾಣ್ತೀಯ ಅಂದ್ರೂ ಯಾಕೆ ಅಂತ ಕೇಳ್ತೀಯಲ್ಲ!"

ಹಾಗಾಗಿ ಬಟನ್ ಸಾಹೇಬ ನನ್ನನ್ನು ನೋಡಿ ನಕ್ಕಾಗ ನಾನು ಅದನ್ನು ಬರೀ ನಗು ಎಂದು ನಂಬಲಿಲ್ಲ.

ಆ ಹೆಸರು ಆಫೀಸಿನವರೇ ಇಟ್ಟದ್ದು. ನಮ್ಮದು ಯುದ್ಧದ ಗೇಮ್. ಪರದೆಯ ಕೆಳಗಿನ ಬಟನ್‌ಗಳು ಸಂದರ್ಭ ನೋಡಿಕೊಂಡು ತಾವೇ ಬದಲಾಗುತ್ತವೆ. ನದಿ ಎದುರಾದರೆ 'ಸೇತುವೆ ಕಟ್ಟು', ಶತ್ರು ಎದುರಾದರೆ 'ದಾಳಿ'. ಅದನ್ನೆಲ್ಲ ಬರೆಯುವವನು ಅವನು. ನನ್ನ ಎದುರಿನ ಮೇಜು. ನಕ್ಕರೆ ಎಡಗೆನ್ನೆ ಮಾತ್ರ ನಗುತ್ತದೆ. ಇದನ್ನು ನಾನು ಗಮನಿಸಿದ್ದು ಸಾಕ್ಷಿಗೋಸ್ಕರ, ಬೇರೆ ಯಾವುದಕ್ಕೂ ಅಲ್ಲ.

ಎರಡು ವಾರದ ಹಿಂದೆ ಶುರುವಾಯಿತು. ಶತ್ರುವಿನ ಕೋಟೆಯಲ್ಲಿ ಉಳಿದಿದ್ದವರು ಹತ್ತೇ ಜನ. ನನ್ನ ಮೌಸ್ 'ದಾಳಿ'ಯ ಮೇಲಿತ್ತು. ನೋಡನೋಡುತ್ತಿದ್ದಂತೆ ಆ ಅಕ್ಷರ ಮಾಸಿ, ಅದೇ ಜಾಗದಲ್ಲಿ 'ಸಂಧಾನ' ಎಂದು ಮೂಡಿತು. ಇಂಥ ಬಟನ್ ಇರುವ ಸುದ್ದಿಯೇ ನಮಗಿರಲಿಲ್ಲ. ತಕ್ಷಣ ಬಗ್ ಎಂದು ರಿಪೋರ್ಟ್ ಹಾಕಿದೆ.

ನಮ್ಮ ಟೀಮಿನ ಲೀಡ್ ಮೇಡಂ ಮಷೀನಲ್ಲಿ ಅದು ಬರಲಿಲ್ಲ. ಬೇರೆ ಯಾರ ಮಷೀನಲ್ಲೂ ಬರಲಿಲ್ಲ. ರಿಪೋರ್ಟಿನ ಕೆಳಗೆ ಬಟನ್ ಸಾಹೇಬನ ಉತ್ತರ: 'ಇಲ್ಲಿ ಕಾಣಿಸುತ್ತಿಲ್ಲ.' ಅದರ ಕೆಳಗೇ 'ಇನ್ನೊಮ್ಮೆ ನೋಡಿ' ಎಂದು ಬರೆದೆ. ಮತ್ತೆ ಅದೇ ಉತ್ತರ. ಆ ಸಲ ಅವನ ಕಿವಿ ಕೆಂಪಗಾಗಿತ್ತು. ನಾನು ದಿಟ್ಟಿಸಿದ್ದೇ ತಡ, ಬಗ್ಗಿ ಶೂ ಲೇಸ್ ಕಟ್ಟಿಕೊಳ್ಳತೊಡಗಿದ. ಅವನ ಶೂಗೆ ಲೇಸೇ ಇರಲಿಲ್ಲ.

ಇವತ್ತು ಬೆಳಗ್ಗೆ ಮೇಡಂ ಕರೆದರು. "ನಾಲ್ಕು ಗಂಟೆಗೆ ನನ್ನೆದುರಿಗೆ ತೋರಿಸು. ಆಗ್ಲಿಲ್ಲ ಅಂದ್ರೆ ಈ ಗೇಮಿಂದ ನಿನ್ನ ತೆಗೀತೀನಿ. ಇಲ್ಲದ್ದನ್ನ ಕಂಡೆ ಅನ್ನೋ ಟೆಸ್ಟರ್‌ನ ಯಾರು ನಂಬ್ತಾರೆ ಹೇಳು?"

ಎರಡು ವರ್ಷ ಈ ಗೇಮಿಗೆ ಕಣ್ಣು ಸವೆಸಿದ್ದೇನೆ. ಮಾತಿಗೆ ಬೆಲೆಯಿಲ್ಲದ ಟೆಸ್ಟರ್ ಇದ್ದೂ ಇಲ್ಲದಂತೆ.

ಮಧ್ಯಾಹ್ನ ಅವನು ನನ್ನ ಮೇಜಿನ ಹತ್ತಿರ ಬಂದು ನಿಂತ.

"ಊಟ ಆಯ್ತಾ?"

"ಯಾಕೆ?"

"ಸುಮ್ನೆ."

"ಸುಮ್ನೆ ಯಾರೂ ಕೇಳಲ್ಲ."

ಎಡಗೆನ್ನೆ ನಗಲು ಹೊರಟು ಅರ್ಧಕ್ಕೇ ನಿಂತಿತು. "ನಾಲ್ಕು ಗಂಟೆಗೆ… ನಿಧಾನವಾಗಿ ಆಡಿ," ಎಂದು ಹೊರಟುಹೋದ.

ಅಕ್ಕನಿಗೆ ಫೋನ್ ಮಾಡಿದೆ. "ಇವನೇ ಕಣೇ, ನನ್ನ ಹೆಸರು ಕೆಡಿಸೋಕೆ ಏನೋ ಮಾಡ್ತಿದಾನೆ."

"ನೋಡೋಕೆ ಹೇಗಿದಾನೆ?"

"ಅಕ್ಕಾ!"

"ಕೇಳ್ದೆ ಅಷ್ಟೆ."

ನಾಲ್ಕು ಗಂಟೆ. ಮೇಡಂ ಕೈಕಟ್ಟಿಕೊಂಡು ನನ್ನ ಬೆನ್ನ ಹಿಂದೆ ನಿಂತರು. ಗಾಬರಿಯಲ್ಲಿ ಬೇಗ ಬೇಗ ಆಡಿದೆ. ಕೋಟೆ ಬಂತು, 'ದಾಳಿ' ಬಂತು, ಒತ್ತಿಬಿಟ್ಟೆ. ಏನೂ ಬದಲಾಗಲಿಲ್ಲ. ಇನ್ನೊಮ್ಮೆ ಆಡಿದೆ. ಆಗಲೂ ಇಲ್ಲ.

"ಸಾಕು ಬಿಡು," ಎಂದರು ಮೇಡಂ. ಪರದೆ ಮಂಜಾಯಿತು. ನನ್ನ ಕಣ್ಣು ತುಂಬಿತ್ತು.

"ಮೇಡಂ." ಅವನು ಎದ್ದು ನಿಂತಿದ್ದ. "ಅವರು ಹೇಳಿದ್ದು ನಿಜ. ಅದು ಬಗ್ ಅಲ್ಲ. ನಾನೇ ಹಾಕಿದ್ದು."

"ಏನು?"

"'ದಾಳಿ' ಮೇಲೆ ಮೌಸ್ ಇಟ್ಟು ಐದು ಸೆಕೆಂಡ್ ಒತ್ತದೆ ಇದ್ರೆ, ಅದು 'ಸಂಧಾನ' ಆಗುತ್ತೆ."

"ಮತ್ತೆ ನಮಗ್ಯಾರಿಗೂ ಯಾಕೆ ಬರ್ಲಿಲ್ಲ?"

"ನಾವ್ಯಾರೂ ಐದು ಸೆಕೆಂಡ್ ಕಾಯಲ್ಲ ಮೇಡಂ. ಶತ್ರು ಕಂಡ ತಕ್ಷಣ ಒತ್ತಿಬಿಡ್ತೀವಿ." ಅವನು ನನ್ನ ಕಡೆ ನೋಡಲಿಲ್ಲ. "ಎಲ್ಲರ ಆಟದ ರೆಕಾರ್ಡಿಂಗ್ ನೋಡೋದು ನನ್ನ ಕೆಲಸ ತಾನೆ. ಸೋತವರ ಮುಂದೆ ಇವರ ಮೌಸ್ ನಿಂತುಬಿಡುತ್ತೆ. ಪ್ರತಿ ಸಲ. ಪಾಪ, ಇವರಿಗೆ ಒತ್ತೋಕೆ ಬೇರೆ ಬಟನ್ನೇ ಇರ್ಲಿಲ್ಲ."

ನಾನು ಹಾಗೆ ನಿಲ್ಲುತ್ತೇನೆಂದು ನನಗೇ ಗೊತ್ತಿರಲಿಲ್ಲ.

"ಬಾಯಿಬಿಟ್ಟು ಹೇಳೋಕೇನಾಗಿತ್ತು?" ಎಂದರು ಮೇಡಂ.

"ಯಾಕೆ ಹಾಕಿದೆ ಅಂತ ಕೇಳ್ತಿದ್ರಿ. ಅದಕ್ಕೆ ಉತ್ತರ ಹೇಳೋ ಧೈರ್ಯ ಇರ್ಲಿಲ್ಲ."

ಮೇಡಂ ಅವನನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. "ನಾಳೆ ಬೆಳಗ್ಗೆ ನನ್ನ ರೂಮಿಗೆ ಬಾ, ಬೈಸ್ಕೊಳ್ಳೋಕೆ. ಬಟನ್ ಇರ್ಲಿ. ಇವಳೂ ಇಲ್ಲೇ ಇರ್ಲಿ," ಎಂದು ಹೊರಟರು.

ನಾನು ಸುಮ್ಮನಿರಲಿಲ್ಲ. "ಎರಡು ವಾರ ನನ್ನ ಸುಳ್ಳುಗಾತಿ ಮಾಡಿದ್ರಿ. ನನ್ನ ಮೇಲೆ ನನಗೇ ಅನುಮಾನ ಬಂದಿತ್ತು, ಗೊತ್ತಾ?"

"ತಪ್ಪಾಯ್ತು," ಎಂದ. ನೆಪ ಹೇಳಲಿಲ್ಲ, ಲೇಸ್ ಕಟ್ಟಲಿಲ್ಲ. ನನ್ನ ಕಣ್ಣನ್ನೇ ನೋಡುತ್ತಿದ್ದ. ಎಷ್ಟು ಹುಡುಕಿದರೂ ಆ ಮುಖದಲ್ಲಿ ನನಗೆ ಮೋಸ ಸಿಗಲಿಲ್ಲ.

"ನನ್ನ ರಿಪೋರ್ಟಿನ ಕೆಳಗೆ ಬರೀರಿ. ಯಾಕೆ ಹಾಕಿದ್ರಿ ಅಂತ. ಎಲ್ಲರೂ ಓದೋ ಹಾಗೆ."

ಅವನು ಹೋಗಿ ಕೂತ. ಟೈಪ್ ಮಾಡಿದ, ಅಳಿಸಿದ, ಮತ್ತೆ ಟೈಪ್ ಮಾಡಿದ. ನನ್ನ ಪರದೆಯಲ್ಲಿ ಆ ಎರಡು ಹಾಳು ಉತ್ತರಗಳ ಕೆಳಗೆ ಹೊಸ ಸಾಲು ಬಂತು.

'ಟೆಸ್ಟರ್ ಕಂಡದ್ದು ನಿಜ, ಸುಳ್ಳು ನನ್ನದು. ಅವರಿಗೆ ಇಷ್ಟವಾಗಲಿ ಎಂದು ಹಾಕಿದೆ. ಅವರೆಂದರೆ ನನಗಿಷ್ಟ.'

ಅಕ್ಕಪಕ್ಕದ ಕೀಬೋರ್ಡ್‌ಗಳ ಸದ್ದು ಒಂದೊಂದಾಗಿ ನಿಂತಿತು. ಎದುರಿನ ಮಾನಿಟರಿನಾಚೆ ಅವನ ಕಣ್ಣು, ಕಿವಿಗಳಷ್ಟೇ ಕಾಣುತ್ತಿದ್ದವು; ರೆಪ್ಪೆ ಬಡಿಯುತ್ತಿರಲಿಲ್ಲ.

ಅವನ ಸಾಲಿನ ಕೆಳಗೆ ಉತ್ತರ ಟೈಪ್ ಮಾಡಿದೆ. ಮೌಸನ್ನು 'ಕಳಿಸು' ಬಟನ್ ಮೇಲೆ ಇಟ್ಟೆ. ಒಂದು. ಎರಡು. ಎರಡು ವಾರ ನನ್ನನ್ನು ಸತಾಯಿಸಿದವನು, ಪೂರ್ತಿ ಐದು ಸೆಕೆಂಡ್ ಕಾಯಲಿ. ಮೂರು. ನಾಲ್ಕು. ಅವನ ಕಿವಿ ಮತ್ತೆ ಕೆಂಪಗಾಯಿತು. ಐದು.

'ಪರೀಕ್ಷಿಸಿ ನೋಡಿದೆ. ಇಲ್ಲಿಯೂ ಕಾಣಿಸುತ್ತಿದೆ.'

ಒತ್ತಿದೆ.