ಹದಿನಾಲ್ಕು ಕಂಪ್ಯೂಟರ್, ಒಂದೇ ಕೀ

ಟಕ್, ಟಕ್, ಟಕ್.

ಊಟದ ತಟ್ಟೆಯ ಮುಂದೆ ಕೂತಿದ್ದ ಹುಡುಗಿ ತಲೆಯೆತ್ತಿದಳು. ರಾತ್ರಿ ಎಂಟೂವರೆಗೆ ಆ ಮನೆಯ ಬಾಗಿಲು ಬಡಿಯುವವರು ಯಾರೂ ಇರಲಿಲ್ಲ.

ಅಮ್ಮ ಚಿಲಕ ತೆಗೆದಳು. ಹೊರಗೆ ಕಂಪ್ಯೂಟರ್ ಅಂಗಡಿಯ ಅಕ್ಕ ನಿಂತಿದ್ದಳು. ಒಂದು ಕೈಯಲ್ಲಿ ಬೀಗದ ಕೈಗಳ ಗೊಂಚಲು, ಇನ್ನೊಂದರಲ್ಲಿ ಮಡಚಿದ ಹಾಳೆ. ಯಾವಾಗಲೂ ನಗುನಗುತ್ತಲೇ ಮಾತಾಡುವ ಅಕ್ಕ ಇವತ್ತು ನಗಲಿಲ್ಲ.

"ತಾತ ಇದ್ದಾರಾ?"

ತಾತ ಇದ್ದರು. ಆದರೆ ಅವರ ವಿಮಾನ ಆ ಹೊತ್ತಿಗೆ ಮೋಡಗಳ ಮೇಲಿತ್ತು.

ಮೂವತ್ತಾರು ವರ್ಷ ಬಸ್ ಓಡಿಸಿದ ಕೈ ತಾತನದು. ಒಂದು ದಿನವೂ ಯಾರಿಂದಲೂ ಒಂದು ಮಾತು ಕೇಳಿಸಿಕೊಂಡವರಲ್ಲ. ಕಣ್ಣು ಮಂಜಾದಾಗ ಅವರ ಡ್ರೈವಿಂಗ್ ಲೈಸೆನ್ಸ್ ಮತ್ತೆ ಹೊಸದಾಗಲಿಲ್ಲ. ಒಂದು ತಿಂಗಳು ಕಿಟಕಿಯ ಬಳಿ ಸುಮ್ಮನೆ ಕೂತಿದ್ದರು. ಆಮೇಲೆ ಅಂಗಡಿ ಅಕ್ಕನೇ ದೊಡ್ಡ ಪರದೆ, ಜಾಯ್‌ಸ್ಟಿಕ್ ಜೋಡಿಸಿ, ವಿಮಾನ ಹಾರಿಸುವ ಸಿಮ್ಯುಲೇಟರ್ ತೋರಿಸಿದ್ದಳು. ಅಂದಿನಿಂದ ತಾತ ದಿನಾ ಸಂಜೆ ಪೈಲಟ್. ಮೊಮ್ಮಗಳು "ರೈಟ್!" ಅಂದರೆ ಮಾತ್ರ ವಿಮಾನ ಮೇಲೇಳುತ್ತಿತ್ತು. ಹಾಗಾಗಿ ಮನೆಯಲ್ಲಿ ಅವಳ ಹೆಸರೇ ಕಂಡಕ್ಟರ್ ಆಗಿಹೋಗಿತ್ತು.

ಬರುವ ಭಾನುವಾರ ದೊಡ್ಡ ದಿನ. ತಾತನಂಥ ಹವ್ಯಾಸಿಗಳ ಒಂದು ಕ್ಲಬ್ ಇತ್ತು. ಹನ್ನೊಂದು ಮಂದಿ ತಮ್ಮ ತಮ್ಮ ಮನೆಯಲ್ಲೇ ಕೂತು, ಒಂದೇ ಆಕಾಶದಲ್ಲಿ ಸಾಲಾಗಿ ಹಾರುವವರಿದ್ದರು. ಎಲ್ಲರಿಗಿಂತ ಮುಂದಿನ ವಿಮಾನ ತಾತನದು. ಬಸ್ ಬಿಟ್ಟ ಮೇಲೆ ಮೊದಲ ಬಾರಿಗೆ ಜನ ಅವರನ್ನು ನಂಬಿ ಹಿಂದೆ ಬರುವವರಿದ್ದರು.

ಅಕ್ಕ ಕೂರಲಿಲ್ಲ. ನಿಂತೇ ಹಾಳೆ ಬಿಡಿಸಿದಳು. ಸಾಫ್ಟ್‌ವೇರ್ ಕಂಪನಿಯಿಂದ ಪತ್ರ ಬಂದಿತ್ತು. ತಾತನ ಕೀ, ಅಂದರೆ ಸಾಫ್ಟ್‌ವೇರನ್ನು ತೆರೆಯುವ ಆ ಇಪ್ಪತ್ತು ಅಕ್ಷರಗಳು, ಹದಿನಾಲ್ಕು ಕಂಪ್ಯೂಟರ್‌ಗಳಲ್ಲಿ ಬಳಕೆಯಾಗುತ್ತಿದೆಯಂತೆ. ಕೀಯನ್ನು ಹೊರಗೆ ಕೊಟ್ಟವರು ಯಾರೆಂದು ನಾಳೆಯೊಳಗೆ ಈ ಫಾರಂನಲ್ಲಿ ಬರೆದು ಕಳಿಸಬೇಕಂತೆ. ಇಲ್ಲದಿದ್ದರೆ ಅಕ್ಕ ಇನ್ನು ಆ ಕಂಪನಿಯ ಏನನ್ನೂ ಮಾರುವಂತಿಲ್ಲ.

ಅವಳು ಹೇಳಿ ಮುಗಿಸುವುದಕ್ಕೂ ಪರದೆಯ ಮೇಲಿನ ಮೋಡಗಳು ನಿಂತುಬಿಡುವುದಕ್ಕೂ ಸರಿಹೋಯಿತು. ವಿಮಾನ ಮಾಯವಾಯಿತು. ಬೂದು ಬಣ್ಣದ ಚೌಕದಲ್ಲಿ ಒಂದೇ ಸಾಲು: ಈ ಕೀಯನ್ನು ರದ್ದು ಮಾಡಲಾಗಿದೆ.

ತಾತ ಜಾಯ್‌ಸ್ಟಿಕ್‌ನಿಂದ ನಿಧಾನವಾಗಿ ಕೈ ತೆಗೆದರು.

"ಈ ಕೀ ಗೊತ್ತಿದ್ದಿದ್ದು ನಂಗೆ, ನಿಂಗೆ, ಇಬ್ಬರಿಗೇ ಅಲ್ವೇನಮ್ಮಾ? ನಾನಂತೂ ಯಾರಿಗೂ ಕೊಟ್ಟಿಲ್ಲ."

ಮುಂದಿನ ಮಾತನ್ನು ಅವರು ಆಡಲಿಲ್ಲ. ಆಡದಿದ್ದರೂ ಅದು ಅಕ್ಕನಿಗೆ ತಾಕಿತು. ಅವಳ ಮುಖ ಸಣ್ಣದಾಯಿತು. ಹಾಳೆಯನ್ನು ಮೇಜಿನ ಮೇಲಿಟ್ಟು, ಯೋಚಿಸಿ ಬರೆದುಕೊಡಿ ಎಂದಷ್ಟೇ ಹೇಳಿ ಹೊರಟುಹೋದಳು.

ಕಂಡಕ್ಟರ್ ಊಟದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

ಸಾಫ್ಟ್‌ವೇರ್ ಆರಿಸಿದ ದಿನ ಅವಳಿಗೆ ಚೆನ್ನಾಗಿ ನೆನಪಿತ್ತು. ಅಕ್ಕ ಮೂರು ಬಗೆ ತೋರಿಸಿದ್ದಳು. ಮೊದಲನೆಯದು ಪುಕ್ಕಟೆ. ಅದನ್ನು ಯಾರು ಬೇಕಾದರೂ ಬಳಸಬಹುದು, ಯಾರಿಗೆ ಬೇಕಾದರೂ ಕೊಡಬಹುದು. ಆದರೆ ಅದರ ಮೋಡಗಳು ಹಳೆಯ ಬಟ್ಟೆಯ ಚೂರುಗಳಂತಿದ್ದವು. ಎರಡನೆಯದು ಪೈಲಟ್‌ಗಳಿಗೆ ಪಾಠ ಹೇಳುವ ಶಾಲೆಗಳಿಗೆ. ಅದರ ಬೆಲೆ ಕೇಳಿಯೇ ತಾತ ಕೆಮ್ಮಿದ್ದರು. ಮೂರನೆಯದು ಮನೆಯಲ್ಲಿ ಹವ್ಯಾಸಕ್ಕೆ ಹಾರಿಸುವವರಿಗೆ.

ತಾತನಿಗೆ ಪುಕ್ಕಟೆಯದೇ ಸಾಕಿತ್ತು. "ಮೋಡ ಕಟ್ಕೊಂಡು ಏನೇ ಮಾಡ್ತೀಯ? ನಂಗೆ ಬೇಕಾಗಿರೋದು ರನ್‌ವೇ" ಅಂದಿದ್ದರು. ಕಂಡಕ್ಟರ್ ಬಿಡಲಿಲ್ಲ. ಮೂರನೆಯದರ ಮೋಡಗಳ ಮೇಲೆ ಸೂರ್ಯನ ಬಿಸಿಲು ಬೀಳುತ್ತಿತ್ತು. ಅವಳು ಕಾಲು ನೆಲಕ್ಕೆ ಬಡಿದು ಹಟ ಹಿಡಿದಳು. ತಾತ ಸೋತರು.

ಸೋತರೂ ಸಾಫ್ಟ್‌ವೇರಿನ ಷರತ್ತುಗಳಿರುವ ಲೈಸೆನ್ಸ್ ಓದದೆ 'ಒಪ್ಪಿದೆ' ಎಂಬುದನ್ನು ಒತ್ತುವವರಲ್ಲ ತಾತ. ಕನ್ನಡಕ ಏರಿಸಿ, ಒಂದೊಂದೇ ಸಾಲನ್ನು ಗಟ್ಟಿಯಾಗಿ ಓದಿ, ಅವಳಿಗೆ ಅರ್ಥ ಹೇಳತೊಡಗಿದರು. ಇದು ಹವ್ಯಾಸಕ್ಕೆ ಮಾತ್ರ, ಇದರಿಂದ ದುಡ್ಡು ಸಂಪಾದಿಸುವಂತಿಲ್ಲ ಎಂಬುದು ಮೊದಲ ಸಾಲು. ಅಷ್ಟರಲ್ಲಿ ಬೀದಿಯಿಂದ ಗೆಳತಿಯರು ಕೂಗಿದರು. ಅವಳು ಓಡಿದಳು. ಎರಡನೆಯ ಸಾಲನ್ನು ತಾತ ಖಾಲಿ ಕುರ್ಚಿಗೆ ಓದಿದ್ದರು: ಒಂದು ಕೀ, ಒಬ್ಬ ವ್ಯಕ್ತಿ, ಒಂದು ಕಂಪ್ಯೂಟರ್.

ದುಡ್ಡು ಮಾಡದಿದ್ದರೆ ಸಾಕು, ಯಾರಿಗೆ ಕೊಟ್ಟರೂ ತಪ್ಪಿಲ್ಲ ಎಂದು ಅವಳು ತಿಳಿದುಕೊಂಡಿದ್ದಳು. ಕ್ಲಾಸಿನ ಲಂಬು, ನಿಮ್ಮ ತಾತ ಹಾರಿಸೋ ವಿಮಾನ ನಂಗೂ ಬೇಕು ಎಂದು ವಾರವಿಡೀ ಬೆನ್ನು ಬಿದ್ದಾಗ, ಅವನ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ತಾತನ ಮೇಜಿನ ಚೀಟಿಯಲ್ಲಿ ಕಂಡಿದ್ದ ಆ ಇಪ್ಪತ್ತು ಅಕ್ಷರ ಬರೆದುಕೊಟ್ಟಿದ್ದಳು. "ಹವ್ಯಾಸಕ್ಕೆ ಮಾತ್ರ ಕಣೋ. ದುಡ್ಡುಗಿಡ್ಡು ತಗೊಂಡೀಯ ಮತ್ತೆ" ಎಂದು ದೊಡ್ಡ ಆಫೀಸರ್ ಹಾಗೆ ಎಚ್ಚರಿಕೆ ಬೇರೆ ಕೊಟ್ಟಿದ್ದಳು. ಲಂಬು ಯಾರಿಂದಲೂ ದುಡ್ಡು ತೆಗೆದುಕೊಂಡಿರಲಿಲ್ಲ. ಕೇಳಿದವರಿಗೆಲ್ಲ ಸುಮ್ಮನೆ ಕೊಟ್ಟಿದ್ದ.

ಮಲಗುವ ಮುಂಚೆ ಅವಳು ತಾತನ ಕೋಣೆಯ ಬಾಗಿಲಿಗೆ ಹೋದಳು. ಹೇಳಿಬಿಡಬೇಕು, ಇವತ್ತೇ.

ತಾತ ಫೋನಿನಲ್ಲಿದ್ದರು. ಭಾನುವಾರ ಬೇರೆ ಯಾರಾದರೂ ಮುಂದೆ ಹೋಗಲಿ, ತನಗೆ ಆಗುವುದಿಲ್ಲ ಎಂದು ಕ್ಲಬ್ಬಿನವರಿಗೆ ಹೇಳುತ್ತಿದ್ದರು. ಯಾಕೆ ಎಂದು ಆ ಕಡೆಯವರು ಕೇಳಿರಬೇಕು. ತಾತ ಫೋನ್ ಇಟ್ಟುಬಿಟ್ಟರು. ತಿರುಗಿದಾಗ ಅವಳು ಕಂಡಳು.

"ಏನಾದ್ರೂ ಹೇಳೋದಿತ್ತಾ, ಕಂಡಕ್ಟರೇ?"

"ಇಲ್ಲ ತಾತ. ಬಾಯಾರಿಕೆ ಆಯ್ತು. ನೀರು ಕುಡಿಯೋಣ ಅಂತ ಬಂದೆ."

ಅವಳ ಕೋಣೆಯಲ್ಲೇ ನೀರಿನ ಬಾಟಲಿ ಇತ್ತು. ಸಂಜೆ ಅದನ್ನು ತುಂಬಿಸಿಟ್ಟವರು ತಾತನೇ. ಅವರು ಅವಳನ್ನು ಒಂದು ಗಳಿಗೆ ನೋಡಿದರು. ಮತ್ತೇನೂ ಕೇಳದೆ ದೀಪ ಆರಿಸಿದರು.

ಬೆಳಿಗ್ಗೆ ಶಾಲೆಗೆ ಹೊರಟಾಗ ತಾತ ಒಂದು ಕವರ್ ಕೊಟ್ಟರು. ದಾರಿಯಲ್ಲಿ ಅಕ್ಕನ ಅಂಗಡಿಗೆ ಮುಟ್ಟಿಸಲು ಹೇಳಿದರು. ದೊಡ್ಡ ಪರದೆಯ ಮೇಲೆ ಆಗಲೇ ಬಟ್ಟೆ ಹೊದಿಸಿದ್ದರು.

ಅಕ್ಕ ಆಗತಾನೆ ಶಟರ್ ಎತ್ತಿದ್ದಳು. ಕವರ್ ಹರಿದು ಮೊದಲು ಒಂದು ಚೀಟಿ ಓದಿದಳು. ಅವಳ ಕಣ್ಣಂಚು ಒದ್ದೆಯಾಯಿತು. "ನಿಮ್ಮ ತಾತ ನನ್ನ ಹತ್ರ ಕ್ಷಮೆ ಕೇಳಿದ್ದಾರೆ. ಅಂಥಾದ್ದೇನು ಅಂದ್ರು ಅಂತ?" ಎಂದಳು. ಆಮೇಲೆ ಕಂಪನಿಯ ಹಾಳೆಯನ್ನು ಬಿಡಿಸಿದಳು. ಓದಿ ಅದನ್ನು ಹುಡುಗಿಯ ಕಡೆಗೆ ತಿರುಗಿಸಿದಳು.

'ಕೀಯನ್ನು ಹೊರಗೆ ಕೊಟ್ಟವರು' ಎಂಬುದರ ಮುಂದೆ ತಾತ ತಮ್ಮದೇ ಹೆಸರು ಬರೆದು, ಸಹಿ ಹಾಕಿದ್ದರು. ಮಂಜುಗಣ್ಣಿನ ಅಕ್ಷರಗಳು ಗೆರೆ ದಾಟಿ ಕೆಳಗಿಳಿದಿದ್ದವು.

ಕಂಡಕ್ಟರ್ ಆ ಸಾಲನ್ನೇ ನೋಡುತ್ತ ನಿಂತಳು. ರಾತ್ರಿ ಅವರು ದೀಪ ಆರಿಸಿದ್ದು ಯಾಕೆಂದು ಈಗ ತಿಳಿಯಿತು. ಮೂವತ್ತಾರು ವರ್ಷ ಒಂದು ಮಾತು ಕೇಳಿಸಿಕೊಳ್ಳದ ಹೆಸರು ಅದು. ಅವಳೊಬ್ಬಳು ಬಾಯಿ ಬಿಡದಿದ್ದುದಕ್ಕೆ ಈ ಹಾಳೆಯ ಮೇಲೆ ಬಂದು ಕೂತಿತ್ತು.

"ಇನ್ನೊಂದು ಫಾರಂ ಇದೆಯಾ ಅಕ್ಕಾ?"

ಇಲ್ಲ ಎಂದು ಅಕ್ಕ ತಲೆಯಾಡಿಸಿದಳು. ರದ್ದಾದ ಕೀ ಮತ್ತೆ ತೆರೆಯುವುದಿಲ್ಲ, ಹೊಸದು ಅಷ್ಟು ಬೇಗ ಸಿಗುವುದಿಲ್ಲ, ಏನು ಬರೆದರೂ ಭಾನುವಾರ ತಾತ ಹಾರುವುದಿಲ್ಲ ಎಂದೂ ಮೆಲ್ಲಗೆ ಹೇಳಿದಳು.

"ಗೊತ್ತು. ಪೆನ್ ಕೊಡಿ."

ತಾತನ ಹೆಸರಿನ ಮೇಲೆ ಅಡ್ಡಗೆರೆ ಎಳೆದಳು. ಅದರ ಕೆಳಗೆ ಇದ್ದಷ್ಟು ಜಾಗದಲ್ಲಿ, ಒತ್ತೊತ್ತಾಗಿ, ಒಂದೇ ಸಾಲು ಬರೆದಳು:

ಕೊಟ್ಟಿದ್ದು ಇವರಲ್ಲ, ಇವರ ಮೊಮ್ಮಗಳು.